ಮನೆತನದ ಲೆಕ್ಕ, ಊರಿನ ಲೆಕ್ಕ

ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಕೊಳಗವನ್ನು ‘ಒಂದು’ ಎಂದು ಎಣಿಸುವ ರೂಢಿ ನಮ್ಮ ಹಳ್ಳಿಗಳಲ್ಲಿ ಇರಲಿಲ್ಲ. ‘ಲಾಭ’ ಎಂದೇ ಎಣಿಕೆ ಆರಂಭ. ಆಮೇಲೆ ಎರಡು, ಮೂರು. ಪೇಟೆಯ ಅಂಗಡಿಗಳಲ್ಲಿ ದೀಪಾವಳಿಯ ದಿನ ಹೊಸ ಲೆಕ್ಕದ ಪುಸ್ತಕಕ್ಕೆ ಅರಿಸಿನ ಕುಂಕುಮ ಹಚ್ಚಿ, ಮೊದಲ ಹಾಳೆಯಲ್ಲಿ ‘ಶ್ರೀ’ ಬರೆದು ಲಕ್ಷ್ಮಿಯ ಪಟದ ಮುಂದಿಟ್ಟು ಪೂಜಿಸುವ ಪದ್ಧತಿ ಇಂದಿಗೂ ಉಳಿದಿದೆ. ಆ ಪುಸ್ತಕ ಯಜಮಾನನದು, ಅವನ ನಂತರ ಅವನ ಮಕ್ಕಳದು. ದೇವರ ಮುಂದೆ ಅದನ್ನು ತೆರೆದಿಡುತ್ತಾರೆ. ಬೀದಿಯವರ ಮುಂದೆ ತೆರೆಯುವುದಿಲ್ಲ. ಮನೆತನದ ವ್ಯಾಪಾರದಲ್ಲಿ ಲೆಕ್ಕವೆಂದರೆ ಮನೆಯ ಒಳಗಿನ ಮಾತು.

ಆದರೆ ಈಗ ದೇಶದ ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪೆನಿಗಳ ಪೈಕಿ ಬೆಲೆಯಲ್ಲಿ ಮೊದಲ 1000 ಸ್ಥಾನದಲ್ಲಿರುವವು ಪ್ರತಿವರ್ಷವೂ ಒಂದು ವಿಶೇಷ ವರದಿಯನ್ನು ಪ್ರಕಟಿಸಲೇಬೇಕು. ಎಷ್ಟು ನೀರು ಬಳಸಿದಿರಿ, ಎಷ್ಟು ಹೊಗೆ ಬಿಟ್ಟಿರಿ, ಕಸವನ್ನು ಏನು ಮಾಡಿದಿರಿ, ಕಾರ್ಖಾನೆಯಲ್ಲಿ ಎಷ್ಟು ಮಂದಿಗೆ ಪೆಟ್ಟಾಯಿತು, ಹೆಣ್ಣುಮಕ್ಕಳಿಗೆ ಕೊಟ್ಟ ಸಂಬಳವೆಷ್ಟು ಎಂದೆಲ್ಲ ಅದರಲ್ಲಿ ಉತ್ತರಿಸಬೇಕು. ಇದನ್ನು ಸುಸ್ಥಿರತೆಯ ವರದಿ ಎನ್ನುತ್ತಾರೆ. ಈ ಕಂಪೆನಿಗಳಲ್ಲಿ ಬಹುಪಾಲು ಇಂದಿಗೂ ಒಂದಲ್ಲ ಒಂದು ಮನೆತನದ ಹಿಡಿತದಲ್ಲಿವೆ. ಮನೆಯ ಒಳಗಿನ ಮಾತು ಊರಿನ ಮುಂದೆ ಬಂದದ್ದು ಹೇಗೆ? ಅದರಿಂದ ಕಂಪೆನಿಯ ಬೆಲೆ ಹೆಚ್ಚುತ್ತದೆಯೇ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ಇತಿಹಾಸದಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಲ್ಲಿನ ಮೇಲಿನ ವರದಿ

ವ್ಯಾಪಾರಿಗಳು ತಮ್ಮ ಒಳ್ಳೆಯ ಕೆಲಸವನ್ನು ಲೋಕಕ್ಕೆ ತಿಳಿಸುವುದು ಹೊಸ ಸಂಗತಿಯಲ್ಲ. ಬಾಗಲಕೋಟೆ ಜಿಲ್ಲೆಯ ಐಹೊಳೆ ಒಂದು ಕಾಲಕ್ಕೆ ಅಯ್ಯಾವೊಳೆ ಐನೂರ್ವರೆಂಬ ಪ್ರಸಿದ್ಧ ವರ್ತಕ ಸಂಘದ ನೆಲೆ. ಆ ಸಂಘದ ಹೆಸರು ಹೊತ್ತ ಶಾಸನಗಳು ದಕ್ಷಿಣ ಭಾರತದ ಉದ್ದಗಲಕ್ಕೂ ಸಿಕ್ಕಿವೆ. ಅಡಿಕೆ, ಮೆಣಸು, ಬಟ್ಟೆ, ಧಾನ್ಯಗಳ ಪ್ರತಿ ಹೇರಿನ ಮೇಲೆ ಇಷ್ಟೆಂದು ಗೊತ್ತುಮಾಡಿ, ಆ ಹಣವನ್ನು ದೇವಸ್ಥಾನಕ್ಕೋ ಧರ್ಮಕಾರ್ಯಕ್ಕೋ ಬಿಟ್ಟುಕೊಟ್ಟ ವಿವರಗಳು ಇಂಥ ಶಾಸನಗಳಲ್ಲಿವೆ. ದಾನಿ ಯಾರು, ಕೊಟ್ಟದ್ದು ಎಷ್ಟು, ಅದನ್ನು ಕಾಯಬೇಕಾದವರು ಯಾರು ಎಂಬುದನ್ನು ಊರ ನಡುವೆ ಕಲ್ಲಿನಲ್ಲಿ ಕೊರೆಸಿ, ತಪ್ಪಿದವರಿಗೆ ಶಾಪವನ್ನೂ ಬರೆಸಿದರು. ಓದು ಬಲ್ಲವನೊಬ್ಬ ಓದಿ ಹೇಳಿದರೆ ಊರಿಗೆಲ್ಲ ತಿಳಿಯುತ್ತಿತ್ತು. ಮಾತು ತಪ್ಪಿದರೆ ಕಲ್ಲನ್ನೇ ತೋರಿಸಿ ಕೇಳಬಹುದಿತ್ತು.

ಇದರ ಮುಂದುವರಿಕೆಯನ್ನು ಉತ್ತರ ಭಾರತದ ವ್ಯಾಪಾರಿಗಳ ಬಹಿಖಾತೆಗಳಲ್ಲಿ ಕಾಣುತ್ತೇವೆ. ಸರಕಿನ ಬೆಲೆಯ ಜೊತೆಗೆ ‘ಧರ್ಮಾದಾ’ ಎಂದು ಒಂದಿಷ್ಟನ್ನು ಗಿರಾಕಿಯಿಂದ ವಸೂಲು ಮಾಡಿ, ಬೇರೆ ಖಾತೆಯಲ್ಲಿಟ್ಟು ಧರ್ಮಶಾಲೆ, ಗೋಶಾಲೆ, ಬಾವಿಗಳಿಗೆ ವೆಚ್ಚ ಮಾಡುತ್ತಿದ್ದರು. ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಬೇಕು. ಶಾಸನವಾಗಲಿ ಧರ್ಮಾದಾ ಖಾತೆಯಾಗಲಿ ಕೊಟ್ಟದ್ದನ್ನು ಬರೆಯುತ್ತವೆ. ಗಳಿಸುವಾಗ ಯಾರಿಂದ ಏನನ್ನು ತೆಗೆದುಕೊಂಡೆವು ಎಂಬುದು ಅಲ್ಲಿ ಬರುವುದಿಲ್ಲ. ದಾನದ ಲೆಕ್ಕಕ್ಕೂ ಹೊಣೆಯ ಲೆಕ್ಕಕ್ಕೂ ಇರುವ ಅಂತರ ಇದೇ. ಒಂದರಿಂದ ಇನ್ನೊಂದಕ್ಕೆ ಬರಲು ನಮ್ಮ ಉದ್ಯಮಗಳಿಗೆ ಬಹಳ ಕಾಲ ಹಿಡಿಯಿತು.

ಮನೆತನ ಒತ್ತೆಯಿಟ್ಟದ್ದು

ಈ ದಾರಿಯಲ್ಲಿ ನಮ್ಮ ದೇಶದಲ್ಲಿ ಬಹಳ ಮುಂಚೆಯೇ ಹೆಜ್ಜೆಯಿಟ್ಟದ್ದು ಟಾಟಾ ಮನೆತನದ ಉಕ್ಕಿನ ಕಂಪೆನಿ. ಜಮ್ಶೇಟ್‌ಜಿ ಟಾಟಾ 1904ರಲ್ಲಿ ತೀರಿಕೊಂಡ ಮೇಲೆ ಅವರ ಮಗ ದೊರಾಬ್‌ಜಿ 1907ರಲ್ಲಿ ಕಂಪೆನಿಯನ್ನು ಸ್ಥಾಪಿಸಿದರು. ಲಂಡನ್ನಿನ ಹಣದ ಪೇಟೆ ಉತ್ಸಾಹ ತೋರದಿದ್ದಾಗ ಷೇರುಗಳನ್ನು ಸ್ವದೇಶದಲ್ಲಿಯೇ ಮಾರಾಟಕ್ಕಿಟ್ಟರು. ಸ್ವದೇಶಿ ಚಳವಳಿಯ ಬಿಸಿ ಇದ್ದ ದಿನಗಳು. ಮೂರು ವಾರಗಳಲ್ಲಿ ಸುಮಾರು 8000 ಭಾರತೀಯರು 16 ಲಕ್ಷ ಪೌಂಡಿಗೂ ಹೆಚ್ಚು ಬಂಡವಾಳವನ್ನು ಕೊಟ್ಟರು. ಹೆಸರು ಮನೆತನದ್ದು, ಹಣ ಊರಿನದು ಎಂಬ ಸ್ಥಿತಿ ಮೊದಲ ದಿನದಿಂದಲೇ ಇತ್ತು. ಸಾಕ್ಚಿ ಎಂಬ ಹಳ್ಳಿಯ ಬಳಿ ಕಾರ್ಖಾನೆ ಎದ್ದಿತು. 1912ರ ಫೆಬ್ರುವರಿಯಲ್ಲಿ ಮೊದಲ ಉಕ್ಕಿನ ಗಟ್ಟಿ ಹೊರಬಂತು. 1919ರಲ್ಲಿ ಆ ಊರಿಗೆ ಜಮ್ಶೆಡ್‌ಪುರ ಎಂದು ಹೆಸರಾಯಿತು.

ಮೊದಲ ಮಹಾಯುದ್ಧ ಮುಗಿದ ಮೇಲೆ ಹೊರದೇಶದ ಅಗ್ಗದ ಉಕ್ಕು ಬಂದು ಬಿದ್ದು ಕಂಪೆನಿ ಕಷ್ಟಕ್ಕೆ ಸಿಲುಕಿತು. 1924ರಲ್ಲಿ ಕೂಲಿ ಕೊಡುವುದಕ್ಕೂ ಹಣ ಸಾಲದಾದಾಗ ದೊರಾಬ್‌ಜಿ ಟಾಟಾ ತಮ್ಮ ಸ್ವಂತ ಆಸ್ತಿಯನ್ನೆಲ್ಲ, ಪತ್ನಿ ಮೆಹರ್‌ಬಾಯಿಯವರ ಒಡವೆಗಳ ಸಮೇತ, ಇಂಪೀರಿಯಲ್ ಬ್ಯಾಂಕಿಗೆ ಒತ್ತೆಯಿಟ್ಟು ಸುಮಾರು ಒಂದು ಕೋಟಿ ರೂಪಾಯಿ ಸಾಲ ಎತ್ತಿದರು. ಕಾನೂನಿನ ಪ್ರಕಾರ ಅವರು ಹಾಗೆ ಮಾಡಬೇಕಾಗಿರಲಿಲ್ಲ. ಸೀಮಿತ ಹೊಣೆಯ ಕಂಪೆನಿ ಮುಳುಗಿದರೆ ಷೇರುದಾರ ಕಳೆದುಕೊಳ್ಳುವುದು ತನ್ನ ಷೇರನ್ನು ಮಾತ್ರ. ಆದರೆ ಕಂಪೆನಿಯ ಮೇಲೆ ತಂದೆಯ ಹೆಸರಿತ್ತು. ಮನೆತನದ ವ್ಯಾಪಾರದ ಶಕ್ತಿ ಎಲ್ಲಿದೆ ಎಂಬುದನ್ನು ಈ ಘಟನೆ ತೋರಿಸುತ್ತದೆ. ಸಂಬಳಕ್ಕೆ ಬಂದ ವ್ಯವಸ್ಥಾಪಕ ಮುಂದಿನ ವರ್ಷದ ಲೆಕ್ಕ ನೋಡುತ್ತಾನೆ. ಮನೆತನದವನು ಮೊಮ್ಮಕ್ಕಳ ಕಾಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಲ್ಲ.

ಇದೇ ದೂರದೃಷ್ಟಿ ಕಾರ್ಮಿಕರ ವಿಷಯದಲ್ಲಿಯೂ ಕಾಣುತ್ತದೆ. ದಿನಕ್ಕೆ ಎಂಟು ಗಂಟೆಯ ದುಡಿಮೆ ಜಮ್ಶೆಡ್‌ಪುರಕ್ಕೆ 1912ರಲ್ಲಿಯೇ ಬಂತು. ದೇಶದ ಕಾರ್ಖಾನೆ ಕಾಯಿದೆ ಅಲ್ಲಿಗೆ ತಲುಪಿದ್ದು 1948ರಲ್ಲಿ. ಭವಿಷ್ಯನಿಧಿ 1920ರಲ್ಲಿ ಬಂತು. ಕಾಯಿದೆ ಬಂದದ್ದು 1952ರಲ್ಲಿ. 1928ರ ಹೆರಿಗೆ ಭತ್ಯೆಗೆ ರಾಷ್ಟ್ರವ್ಯಾಪಿ ಕಾಯಿದೆಯ ಜೊತೆ 1961ರಲ್ಲಿ ಸಿಕ್ಕಿತು. ಈ ಪಟ್ಟಿಯನ್ನು ಓದುವಾಗ ಇನ್ನೊಂದು ಪಟ್ಟಿಯನ್ನೂ ಮರೆಯಬಾರದು. 1920, 1922, 1928ರಲ್ಲಿ ಅದೇ ಊರಿನಲ್ಲಿ ದೊಡ್ಡ ಮುಷ್ಕರಗಳು ನಡೆದವು. 1928ರ ಮುಷ್ಕರದಲ್ಲಿ ರಾಜಿ ಮಾಡಿಸಲು ಸುಭಾಷಚಂದ್ರ ಬೋಸ್ ಬಂದರು. ಯಜಮಾನನ ಒಳ್ಳೆಯತನ ಎಷ್ಟೇ ಇರಲಿ, ಅದರ ಅಳತೆಯನ್ನು ಯಜಮಾನನೇ ಮಾಡಿದರೆ ಸಾಲದು ಎಂದು ಕಾರ್ಮಿಕರು ಆಗಲೇ ಹೇಳಿದ್ದರು. ಸರ್ ಎಂ. ವಿಶ್ವೇಶ್ವರಯ್ಯನವರು ಈ ಕಂಪೆನಿಯ ನಿರ್ದೇಶಕ ಮಂಡಲಿಗೆ ಬಂದದ್ದು ಈ ಗಲಭೆಯ ವರ್ಷಗಳಲ್ಲಿಯೇ. 1955ರವರೆಗೂ ಅವರು ಅಲ್ಲಿದ್ದರು.

ಮೂವರು ಹೊರಗಿನವರು

ಸ್ವಾತಂತ್ರ್ಯ ಬಂದ ಮೇಲೆ ಮನೆತನದ ಉದ್ಯಮಗಳನ್ನು ದೇಶ ಅನುಮಾನದಿಂದ ನೋಡತೊಡಗಿತು. ಅದಕ್ಕೆ ಕಾರಣವೂ ಇತ್ತು. ಆಗ ಚಾಲ್ತಿಯಲ್ಲಿದ್ದ ‘ಮ್ಯಾನೇಜಿಂಗ್ ಏಜೆನ್ಸಿ’ ಪದ್ಧತಿಯಲ್ಲಿ ಒಂದು ಮನೆತನ ಸಣ್ಣ ಪಾಲಿನ ಷೇರು ಇಟ್ಟುಕೊಂಡು ಹತ್ತಾರು ಕಂಪೆನಿಗಳನ್ನು ಒಪ್ಪಂದದ ಬಲದಿಂದ ನಡೆಸುತ್ತಿತ್ತು. 1970ರ ಏಪ್ರಿಲ್‌ನಲ್ಲಿ ಸರ್ಕಾರ ಆ ಪದ್ಧತಿಯನ್ನು ರದ್ದು ಮಾಡಿತು. ಟಾಟಾ ಮನೆತನಕ್ಕೆ ಉಕ್ಕಿನ ಕಂಪೆನಿಯಲ್ಲಿ ಉಳಿದದ್ದು ಕೆಲವೇ ಷೇರುಗಳು ಮತ್ತು ಹೆಸರು. ಸರ್ಕಾರಿ ಹಣಕಾಸು ಸಂಸ್ಥೆಗಳ ಪಾಲು ಅದಕ್ಕಿಂತ ಬಹಳ ದೊಡ್ಡದಾಗಿತ್ತು.

ಅದೇ ವರ್ಷ, ಜೆ.ಆರ್.ಡಿ. ಟಾಟಾ ಅಧ್ಯಕ್ಷರಾಗಿದ್ದಾಗ, ಕಂಪೆನಿ ತನ್ನ ಅಂತರ್ನಿಯಮಗಳಿಗೆ ಒಂದು ಹೊಸ ಕಲಮನ್ನು ಸೇರಿಸಿತು. ಗ್ರಾಹಕರು, ನೌಕರರು, ಷೇರುದಾರರು, ಸಮಾಜ ಮತ್ತು ಸ್ಥಳೀಯ ಜನರ ಬಗ್ಗೆ ತನಗೆ ಸಾಮಾಜಿಕ ಹಾಗೂ ನೈತಿಕ ಹೊಣೆಯಿದೆ ಎಂದು ಒಪ್ಪಿಕೊಳ್ಳುವ ಕಲಮು ಅದು. ಭಾಷಣದಲ್ಲಿ ಹೇಳುವುದು ಬೇರೆ, ಅಂತರ್ನಿಯಮದಲ್ಲಿ ಬರೆಯುವುದು ಬೇರೆ. ಬರೆದದ್ದನ್ನು ಮುಂದೊಂದು ದಿನ ಯಾರಾದರೂ ತೆರೆದು ತೋರಿಸಿ, ನಡೆದುಕೊಂಡಿದ್ದೀರಾ ಎಂದು ಕೇಳಬಹುದು.

ಆ ದಿನ ಬೇಗ ಬಂತು. 1977ರಲ್ಲಿ ಜನತಾ ಸರ್ಕಾರ ಅಧಿಕಾರಕ್ಕೆ ಬಂದಾಗ ಕೈಗಾರಿಕಾ ಮಂತ್ರಿಯಾದವರು ನಮ್ಮ ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸ್. ಈ ಉಕ್ಕಿನ ಕಂಪೆನಿಯನ್ನು ರಾಷ್ಟ್ರೀಕರಣ ಮಾಡಬೇಕೆಂಬ ಮಾತು ಆಗ ಎದ್ದಿತು. ಅದನ್ನು ವಿರೋಧಿಸಿದವರಲ್ಲಿ ಕಂಪೆನಿಯ ಕಾರ್ಮಿಕ ಸಂಘವೇ ಸೇರಿತ್ತು ಎಂಬುದು ಗಮನಾರ್ಹ. ರಾಷ್ಟ್ರೀಕರಣ ನಡೆಯಲಿಲ್ಲ. ಆ ಹೊತ್ತಿನಲ್ಲಿ ಕಂಪೆನಿಯನ್ನು ಕಾಪಾಡಿದ ಆಸ್ತಿ ಯಾವ ಅಢಾವೆ ಪತ್ರಿಕೆಯಲ್ಲಿಯೂ ನಮೂದಾಗಿರಲಿಲ್ಲ. ಅರವತ್ತು ವರ್ಷಗಳಿಂದ ಜಮ್ಶೆಡ್‌ಪುರದಲ್ಲಿ ಕೂಡಿಬಂದ ನಂಬಿಕೆ ಅದು.

ಇಂಥ ಹೊತ್ತಿನಲ್ಲಿ, 1979ರಲ್ಲಿ, ಕಂಪೆನಿ ಅಪರೂಪದ ಒಂದು ಕೆಲಸ ಮಾಡಿತು. 1970ರ ಕಲಮಿಗೆ ತಾನು ನಿಜವಾಗಿ ಎಷ್ಟು ಬದ್ಧವಾಗಿ ನಡೆದುಕೊಂಡಿದೆ ಎಂಬುದನ್ನು ಪರೀಕ್ಷಿಸಿ ಹೇಳುವಂತೆ ಮೂವರ ಸಮಿತಿಯನ್ನು ನೇಮಿಸಿತು. ಬೊಂಬಾಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿ ನಿವೃತ್ತರಾಗಿದ್ದ ಎಸ್.ಪಿ. ಕೋತ್ವಾಲ್, ರಾಜಕೀಯ ಚಿಂತಕ ರಜನಿ ಕೊಠಾರಿ, ಅಹಮದಾಬಾದಿನ ಅಧ್ಯಾಪಕ ಮತ್ತು ಸಂಸದ ಪಿ.ಜಿ. ಮಾವಳಂಕರ್ ಅದರ ಸದಸ್ಯರು. ಮೂವರಲ್ಲಿ ಒಬ್ಬರೂ ಉದ್ಯಮಿಯಲ್ಲ, ಲೆಕ್ಕಿಗರಲ್ಲ. ಅಧಿಕಾರದಲ್ಲಿರುವವರನ್ನು ಪ್ರಶ್ನಿಸುವುದರಲ್ಲಿ ಹೆಸರಾದವರೂ ಅವರಲ್ಲಿದ್ದರು. ಸಮಿತಿ 1980ರಲ್ಲಿ ವರದಿ ಕೊಟ್ಟಿತು. ಭಾರತದಲ್ಲಿ ಕಂಪೆನಿಯೊಂದರ ಸಾಮಾಜಿಕ ಲೆಕ್ಕಪರಿಶೋಧನೆ ಎಂದು ಹೇಳಬಹುದಾದ ಮೊದಲ ಪ್ರಯತ್ನಗಳಲ್ಲಿ ಇದು ಮುಖ್ಯವಾದುದು. ಆಗ ಯಾವ ಕಾಯಿದೆಯೂ ಇದನ್ನು ಕೇಳಿರಲಿಲ್ಲ. ‘ಸುಸ್ಥಿರತೆಯ ವರದಿ’ ಎಂಬ ಮಾತೇ ಇನ್ನೂ ಬಳಕೆಗೆ ಬಂದಿರಲಿಲ್ಲ.

ಇಲ್ಲಿ ಎರಡು ಸಂಗತಿಗಳಿವೆ. ಒಂದು, ಲೆಕ್ಕವನ್ನು ಮನೆಯವರು ಬರೆಯಲಿಲ್ಲ, ಹೊರಗಿನವರಿಂದ ಬರೆಸಿದರು. ಎರಡು, ಅಳೆಯುವ ಕೋಲು ಮೊದಲೇ ಅಂತರ್ನಿಯಮದಲ್ಲಿ ಇತ್ತು. ಫಲಿತಾಂಶ ನೋಡಿಕೊಂಡು ಕೋಲನ್ನು ಕತ್ತರಿಸುವಂತಿರಲಿಲ್ಲ. ಇಂದಿನ ವರದಿಗಳನ್ನು ಓದುವಾಗಲೂ ಈ ಎರಡು ಸಂಗತಿಗಳನ್ನೇ ಮೊದಲು ನೋಡಬೇಕು.

ಲೆಕ್ಕಕ್ಕೆ ಬಾರದ ಗೋಮಾಳ

ಲೆಕ್ಕದಲ್ಲಿ ಇಲ್ಲದ ವೆಚ್ಚ ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದನ್ನು ತಿಳಿಯಲು ದೂರ ಹೋಗಬೇಕಿಲ್ಲ. ತುಂಗಭದ್ರೆಯ ದಂಡೆಯಲ್ಲಿ, ಹರಿಹರದ ಎದುರಿನ ಕುಮಾರಪಟ್ಟಣದಲ್ಲಿ ಬಿರ್ಲಾ ಮನೆತನದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ 1970ರ ದಶಕದಲ್ಲಿ ಆರಂಭವಾಯಿತು. ರೇಯಾನ್ ನೂಲಿಗೆ ಬೇಕಾದ ತಿರುಳನ್ನು ಮರದಿಂದ ತೆಗೆಯುವುದು ಅಲ್ಲಿನ ಕೆಲಸ. ಮರಕ್ಕಾಗಿ 1984ರಲ್ಲಿ ಕರ್ನಾಟಕ ಸರ್ಕಾರ ಮತ್ತು ಈ ಕಂಪೆನಿ ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಸಂಸ್ಥೆಯನ್ನು ಕಟ್ಟಿದವು. ಧಾರವಾಡ, ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಸುಮಾರು 30,000 ಹೆಕ್ಟೇರ್ ಭೂಮಿಯಲ್ಲಿ ನೀಲಗಿರಿ ಮುಂತಾದ ಮರ ಬೆಳೆಸುವ ಯೋಜನೆ ಅದು.

ಸರ್ಕಾರದ ಕಡತದಲ್ಲಿ ಆ ಭೂಮಿ ಬಳಕೆಯಾಗದೆ ಬಿದ್ದದ್ದು. ಹಳ್ಳಿಯವರಿಗೆ ಅದು ದನ ಮೇಯುವ ಜಾಗ, ಸೌದೆ ಸೊಪ್ಪಿನ ಜಾಗ. ಕಾರ್ಖಾನೆಯ ನೀರು ನದಿಗೆ ಸೇರುವುದರ ವಿರುದ್ಧ ಆಗಲೇ ದನಿಯೆತ್ತಿದ್ದ ಸಮಾಜ ಪರಿವರ್ತನ ಸಮುದಾಯ ಈ ಪ್ರಶ್ನೆಯನ್ನೂ ಕೈಗೆತ್ತಿಕೊಂಡಿತು. ಡಾ. ಶಿವರಾಮ ಕಾರಂತರು ಮುಂದೆ ನಿಂತು ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ನಡೆಸಿದರು. ನೀಲಗಿರಿ ಸಸಿಗಳನ್ನು ಕಿತ್ತು, ಊರಿಗೆ ಉಪಯೋಗವಾಗುವ ಗಿಡಗಳನ್ನು ನೆಟ್ಟರು. 1990ರ ದಶಕದ ಆರಂಭದಲ್ಲಿ ಆ ಜಂಟಿ ಸಂಸ್ಥೆ ಮುಚ್ಚಿಹೋಯಿತು.

ಲೆಕ್ಕಶಾಸ್ತ್ರದ ದೃಷ್ಟಿಯಿಂದ ಇದನ್ನು ನೋಡೋಣ. ಹಸುವಿನ ಮೇವು, ಮೀನುಗಾರನ ಹಿಡಿ, ಸೌದೆಗಾಗಿ ಎರಡು ಮೈಲಿ ಹೆಚ್ಚು ನಡೆಯುವ ಹೆಂಗಸಿನ ಹೊತ್ತು ಯಾವ ಕಂಪೆನಿಯ ಖರ್ಚಿನ ಅಂಕಣದಲ್ಲಿಯೂ ಬರುವುದಿಲ್ಲ. ಅವು ಬಾರದೆ ಇರುವುದರಿಂದಲೇ ಲಾಭ ಇದ್ದುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಆದರೆ ಆ ಖರ್ಚು ಇಲ್ಲವಾಗುವುದಿಲ್ಲ. ಒಂದು ದಿನ ಅದು ಮೊಕದ್ದಮೆಯಾಗಿ, ಸತ್ಯಾಗ್ರಹವಾಗಿ, ನಿಂತುಹೋದ ಯೋಜನೆಯಾಗಿ ಕಂಪೆನಿಯ ಬಾಗಿಲಿಗೇ ಬರುತ್ತದೆ.

ವರದಿಗೆ ಒಂದು ಮಾದರಿ

ಇದೇ ಕಾಲದಲ್ಲಿ ಹೊರದೇಶಗಳಲ್ಲಿಯೂ ಚಿಂತನೆ ಬದಲಾಗುತ್ತಿತ್ತು. ಸುಸ್ಥಿರತೆ ಎಂಬ ವಿಚಾರ ಮೂಲತಃ ಕಾಡಿನದು. ಜರ್ಮನಿಯ ಸ್ಯಾಕ್ಸನಿಯಲ್ಲಿ ಗಣಿಗಳ ಅಧಿಕಾರಿಯಾಗಿದ್ದ ಹಾನ್ಸ್ ಕಾರ್ಲ್ ಫಾನ್ ಕಾರ್ಲೊವಿಟ್ಸ್ ಎಂಬಾತ 1713ರಲ್ಲಿ ಬರೆದ ಪುಸ್ತಕದಲ್ಲಿ, ಮತ್ತೆ ಬೆಳೆಯುವಷ್ಟನ್ನೇ ಕಡಿಯಬೇಕು ಎಂಬ ತತ್ವವನ್ನು ಮುಂದಿಟ್ಟ. ಅದಿರು ಕರಗಿಸುವ ಕುಲುಮೆಗಳಿಗೆ ಸೌದೆ ಸಿಗದೆ ಹೋದೀತೆಂಬ ಭಯ ಅವನದು. ವಿಶ್ವಸಂಸ್ಥೆಯ ಪರವಾಗಿ ನಾರ್ವೆಯ ಗ್ರೋ ಹಾರ್ಲೆಮ್ ಬ್ರುಂಟ್‌ಲಾಂಡ್ ಅವರ ಆಯೋಗ 1987ರಲ್ಲಿ ಕೊಟ್ಟ ವರದಿ ಈ ತತ್ವವನ್ನು ಕಾಡಿನಿಂದ ಇಡೀ ಲೋಕದ ಆರ್ಥಿಕತೆಗೆ ವಿಸ್ತರಿಸಿತು.

ಎರಡು ವರ್ಷದ ಬಳಿಕ, 1989ರ ಮಾರ್ಚ್ 24ರಂದು, ‘ಎಕ್ಸಾನ್ ವಾಲ್ಡೀಜ್’ ಎಂಬ ಹಡಗು ಅಲಾಸ್ಕದ ಕರಾವಳಿಯಲ್ಲಿ ಬಂಡೆಗೆ ಬಡಿದು ಸುಮಾರು 4 ಕೋಟಿ ಲೀಟರ್ ಕಚ್ಚಾತೈಲ ಸಮುದ್ರಕ್ಕೆ ಚೆಲ್ಲಿತು. ಅದಾದ ಮೇಲೆ ಅಮೆರಿಕದ ಕೆಲವು ಹೂಡಿಕೆದಾರರೂ ಪರಿಸರವಾದಿಗಳೂ ಸೇರಿ ‘ಸೆರೆಸ್’ ಎಂಬ ಸಂಸ್ಥೆ ಕಟ್ಟಿದರು. ಪರಿಸರದ ಲೆಕ್ಕವನ್ನೂ ಹಣದ ಲೆಕ್ಕದಷ್ಟೇ ಕ್ರಮಬದ್ಧವಾಗಿ ಕೊಡಿ ಎಂಬುದು ಅವರ ಬೇಡಿಕೆ. ಅವರು ಆರಂಭಿಸಿದ ಕೆಲಸದಿಂದ 1997ರಲ್ಲಿ ‘ಗ್ಲೋಬಲ್ ರಿಪೋರ್ಟಿಂಗ್ ಇನಿಷಿಯೇಟಿವ್’ ಹುಟ್ಟಿತು. 2000ದಲ್ಲಿ ಅದು ಹೊರತಂದ ಮಾರ್ಗಸೂಚಿ ಹಲವು ದೇಶಗಳ ಕಂಪೆನಿಗಳಿಗೆ ಮಾದರಿಯಾಯಿತು. ಜಮ್ಶೆಡ್‌ಪುರದ ಕಂಪೆನಿಯೂ ಅದನ್ನು ಮೊದಮೊದಲು ಅನುಸರಿಸಿದ ಭಾರತೀಯ ಸಂಸ್ಥೆಗಳಲ್ಲಿ ಒಂದು.

ಬೆಲೆ ಎಂದರೆ ಯಾವುದು?

ಇನ್ನು ಬೆಲೆಯ ಪ್ರಶ್ನೆ. ಕಂಪೆನಿಗೆ ಎರಡು ಬೆಲೆಗಳಿರುತ್ತವೆ. ಕಟ್ಟಡ, ಯಂತ್ರ, ದಾಸ್ತಾನು, ಬ್ಯಾಂಕಿನ ಹಣವನ್ನು ಕೂಡಿಸಿ ಸಾಲ ಕಳೆದರೆ ಬರುವುದು ಪುಸ್ತಕದ ಬೆಲೆ. ಒಟ್ಟು ಷೇರುಗಳನ್ನು ಪೇಟೆಯ ಧಾರಣೆಯಿಂದ ಗುಣಿಸಿದರೆ ಬರುವುದು ಪೇಟೆಯ ಬೆಲೆ. ಕಂಪೆನಿಗೆ ಪೇಟೆ ಕಟ್ಟುವ ಬೆಲೆಯನ್ನು, ಅದರ ಆಸ್ತಿಯನ್ನೆಲ್ಲ ಹೊಸದಾಗಿ ಕೊಳ್ಳಲು ತಗಲುವ ವೆಚ್ಚದಿಂದ ಭಾಗಿಸಿ ನೋಡುವ ಕ್ರಮವನ್ನು ಅರ್ಥಶಾಸ್ತ್ರಜ್ಞ ಜೇಮ್ಸ್ ಟೋಬಿನ್ 1960ರ ದಶಕದ ಕೊನೆಯಲ್ಲಿ ಪ್ರಚಾರಕ್ಕೆ ತಂದರು. ಉತ್ತರ ಒಂದಕ್ಕಿಂತ ಹೆಚ್ಚು ಬಂದರೆ, ಕಣ್ಣಿಗೆ ಕಾಣುವ ಆಸ್ತಿಗಿಂತ ಹೆಚ್ಚಿನದೇನೋ ಅಲ್ಲಿದೆ ಎಂದು ಜನ ನಂಬಿದ್ದಾರೆ ಎಂದರ್ಥ. ಒಂದಕ್ಕಿಂತ ಕಡಿಮೆ ಬಂದರೆ, ಒಳಗೆ ಏನೋ ಸರಿಯಿಲ್ಲ ಎಂಬ ಅನುಮಾನವಿರಬಹುದು. ಸುಸ್ಥಿರತೆಯ ವರದಿಯಿಂದ ಕಂಪೆನಿಗೆ ಲಾಭವಿದೆಯೇ ಎಂದು ಅಳೆಯುವ ಸಂಶೋಧಕರು ಸಾಮಾನ್ಯವಾಗಿ ಈ ಅಳತೆಯನ್ನೇ ಬಳಸುತ್ತಾರೆ. ಅವರ ಉತ್ತರಗಳು ಒಂದೇ ಬಗೆಯಾಗಿಲ್ಲ. ಕೆಲವು ಅಧ್ಯಯನಗಳಲ್ಲಿ ಬೆಲೆ ಏರಿದೆ, ಕೆಲವುಗಳಲ್ಲಿ ಪರಿಣಾಮ ಕಾಣುವುದಿಲ್ಲ.

ಮನೆತನದ ಕಂಪೆನಿಗಳಲ್ಲಿ ಈ ಗೊಂದಲ ಇನ್ನೂ ಹೆಚ್ಚು. ಅಲ್ಲಿ ಯಜಮಾನರು ರಕ್ಷಿಸಲು ಬಯಸುವುದು ಹಣವನ್ನು ಮಾತ್ರವಲ್ಲ. ದಕ್ಷಿಣ ಸ್ಪೇನಿನ 1200ಕ್ಕೂ ಹೆಚ್ಚು ಮನೆತನದ ಆಲಿವ್ ಎಣ್ಣೆ ಗಾಣಗಳನ್ನು ಕುರಿತು ಲೂಯಿಸ್ ಗೋಮೆಸ್ ಮೆಹಿಯಾ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸುತ್ತದೆ. ಸಹಕಾರ ಸಂಘಕ್ಕೆ ಸೇರಿದರೆ ಗಾಣಕ್ಕೆ ಭದ್ರತೆ ಇತ್ತು, ನಷ್ಟದ ಭಯ ಕಡಿಮೆಯಿತ್ತು. ಆದರೂ ಹೆಚ್ಚಿನ ಮನೆತನಗಳು ಸೇರಲಿಲ್ಲ. ಗಾಣದ ಮೇಲಿನ ಹಿಡಿತ ತಪ್ಪುವುದು ಅವರಿಗೆ ನಷ್ಟಕ್ಕಿಂತ ದೊಡ್ಡದಾಗಿ ಕಂಡಿತು. ಇದೇ ಅಂಟು ಒಂದು ಕಡೆ ಊರಿನ ಹೊಳೆಯನ್ನು ಕೆಡಿಸದಂತೆ ಯಜಮಾನನನ್ನು ತಡೆಯಬಲ್ಲುದು. ನಾಳೆ ಅವನ ಮಕ್ಕಳು ಅದೇ ಊರಿನಲ್ಲಿ ತಲೆಯೆತ್ತಿ ಓಡಾಡಬೇಕು. ಇನ್ನೊಂದು ಕಡೆ ಅದೇ ಅಂಟು ಬಾಗಿಲು ಮುಚ್ಚಿ ಲೆಕ್ಕ ಮರೆಮಾಚುವಂತೆಯೂ ಮಾಡಬಲ್ಲುದು.

ಎರಡನೆಯದಕ್ಕೆ ಹೈದರಾಬಾದಿನ ಸತ್ಯಂ ಕಂಪೆನಿ ಉದಾಹರಣೆ. ಬಿ. ರಾಮಲಿಂಗರಾಜು ಮತ್ತು ಅವರ ಸಹೋದರರ ಹಿಡಿತದಲ್ಲಿದ್ದ ಈ ಸಾಫ್ಟ್‌ವೇರ್ ಕಂಪೆನಿಗೆ ಉತ್ತಮ ಆಡಳಿತಕ್ಕಾಗಿ 2008ರಲ್ಲಿ ‘ಗೋಲ್ಡನ್ ಪೀಕಾಕ್’ ಪ್ರಶಸ್ತಿ ಸಿಕ್ಕಿತ್ತು. ಅದೇ ವರ್ಷ ಡಿಸೆಂಬರ್ 16ರಂದು, ರಾಜು ಅವರ ಮಕ್ಕಳು ನಡೆಸುತ್ತಿದ್ದ ಮೇಟಾಸ್ ಹೆಸರಿನ ಎರಡು ಕಂಪೆನಿಗಳನ್ನು ಸತ್ಯಂ ಹಣದಿಂದ ಕೊಳ್ಳುವುದಾಗಿ ಪ್ರಕಟಿಸಿದರು. ಇಂಗ್ಲಿಷ್ ಅಕ್ಷರಗಳಲ್ಲಿ ಸತ್ಯಂ ಎಂಬುದನ್ನು ಹಿಂದುಮುಂದಾಗಿ ಓದಿದರೆ ಮೇಟಾಸ್. ಷೇರುದಾರರು ಕೆರಳಿದರು, ಧಾರಣೆ ಕುಸಿಯಿತು, ಮರುದಿನದೊಳಗೆ ಪ್ರಸ್ತಾಪವನ್ನು ಹಿಂತೆಗೆದುಕೊಂಡರು. 2009ರ ಜನವರಿ 7ರಂದು, ಬ್ಯಾಂಕಿನಲ್ಲಿದೆಯೆಂದು ತೋರಿಸಿದ್ದ ಹಣದಲ್ಲಿ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ ಎಂದು ರಾಜು ಪತ್ರ ಬರೆದು ಒಪ್ಪಿಕೊಂಡರು. ಒಂದೇ ದಿನದಲ್ಲಿ ಷೇರಿನ ಬೆಲೆ ಮುಕ್ಕಾಲು ಪಾಲಿಗಿಂತ ಹೆಚ್ಚು ಬಿದ್ದುಹೋಯಿತು. ಕಂಪೆನಿಯ ಕಟ್ಟಡಗಳು, ಸಾವಿರಾರು ಎಂಜಿನಿಯರುಗಳು ಹಿಂದಿನ ದಿನ ಇದ್ದಲ್ಲಿಯೇ ಇದ್ದರು. ಹೋದದ್ದು ನಂಬಿಕೆ. ಸುಂದರವಾಗಿ ಅಚ್ಚಾದ ವರದಿಗೂ ಪ್ರಶಸ್ತಿಗೂ ಅದನ್ನು ಉಳಿಸಲು ಆಗಲಿಲ್ಲ.

ಕಾಯಿದೆ ಬಂದ ದಾರಿ

ಸರ್ಕಾರ ಈ ಕ್ಷೇತ್ರಕ್ಕೆ ಹಂತಹಂತವಾಗಿ ಕಾಲಿಟ್ಟಿತು. 1988ರ ನಿಯಮಗಳ ಪ್ರಕಾರ ಕಂಪೆನಿಗಳು ಇಂಧನ ಉಳಿತಾಯದ ವಿವರವನ್ನು ನಿರ್ದೇಶಕರ ವರದಿಯಲ್ಲಿ ಕೊಡಬೇಕಾಯಿತು. 1993ರ ಹೊತ್ತಿಗೆ ಮಾಲಿನ್ಯ ಉಂಟುಮಾಡುವ ಕಾರ್ಖಾನೆಗಳು ವರ್ಷಕ್ಕೊಮ್ಮೆ ಪರಿಸರದ ವಿವರಪಟ್ಟಿ ಸಲ್ಲಿಸಬೇಕೆಂಬ ನಿಯಮ ಬಂತು. ಆದರೆ ಅದನ್ನು ಸಲ್ಲಿಸಬೇಕಾದದ್ದು ಮಾಲಿನ್ಯ ನಿಯಂತ್ರಣ ಮಂಡಲಿಗೆ. ಹೊಳೆಯ ದಂಡೆಯ ಹಳ್ಳಿಯವರಿಗಲ್ಲ. ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2012ರಲ್ಲಿ ಮೊದಲ 100 ಕಂಪೆನಿಗಳಿಗೆ ವ್ಯವಹಾರ ಹೊಣೆಗಾರಿಕೆಯ ವರದಿಯನ್ನು ಕಡ್ಡಾಯ ಮಾಡಿತು. 2013ರ ಕಂಪೆನಿ ಕಾಯಿದೆ ಇನ್ನೊಂದು ಹೆಜ್ಜೆ ಇಟ್ಟಿತು. 500 ಕೋಟಿ ರೂಪಾಯಿ ನಿವ್ವಳ ಆಸ್ತಿ, 1000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ, ಇವುಗಳಲ್ಲಿ ಒಂದಿದ್ದರೂ ಸಾಕು, ಮೂರು ವರ್ಷಗಳ ಸರಾಸರಿ ಲಾಭದ ಶೇಕಡ 2ರಷ್ಟನ್ನು ಸಮಾಜದ ಕೆಲಸಕ್ಕೆ ತೆಗೆದಿಡಬೇಕೆಂದು ಹೇಳಿತು. ಹಳೆಯ ಧರ್ಮಾದಾ ಖಾತೆಯೇ ಕಾಯಿದೆಯ ರೂಪದಲ್ಲಿ ಬಂದಂತಾಯಿತು. ಸೆಬಿ 2021ರಲ್ಲಿ ಹೊಸ ಸುಸ್ಥಿರತಾ ವರದಿಯ ನಮೂನೆ ಪ್ರಕಟಿಸಿತು. 2022–23ರಿಂದ ಅದು ಮೊದಲ 1000 ಕಂಪೆನಿಗಳಿಗೆ ಕಡ್ಡಾಯವಾಯಿತು. 2023ರಲ್ಲಿ, ಅದರ ಮುಖ್ಯ ಅಂಶಗಳನ್ನು ಹೊರಗಿನವರಿಂದ ಪರಿಶೀಲಿಸಬೇಕೆಂಬ ಕ್ರಮ ಅತಿದೊಡ್ಡ 150 ಕಂಪೆನಿಗಳಿಂದ ಆರಂಭವಾಯಿತು. 1979ರಲ್ಲಿ ಒಂದು ಕಂಪೆನಿ ತಾನಾಗಿ ಮಾಡಿದ್ದು ಕಾನೂನಿನ ಬಾಯಲ್ಲಿ ಬರಲು ನಲವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು.

ಹಾಗೆಂದು ಜಮ್ಶೆಡ್‌ಪುರದ ಕಥೆಯನ್ನು ಸುಖಾಂತವೆಂದು ಮುಗಿಸುವಂತಿಲ್ಲ. ಅದೇ ಕಂಪೆನಿ 2004ರಲ್ಲಿ ಒಡಿಶಾ ಸರ್ಕಾರದೊಡನೆ ಕಳಿಂಗನಗರದಲ್ಲಿ ಹೊಸ ಕಾರ್ಖಾನೆಗೆ ಒಪ್ಪಂದ ಮಾಡಿಕೊಂಡಿತು. ಅಲ್ಲಿನ ಜಮೀನನ್ನು ಸರ್ಕಾರ 1990ರ ದಶಕದಲ್ಲಿಯೇ ಸ್ವಾಧೀನಪಡಿಸಿಕೊಂಡಿತ್ತು. ಸಿಕ್ಕ ಪರಿಹಾರ ಸಾಲದೆಂದು ಆದಿವಾಸಿಗಳು ಪ್ರತಿಭಟಿಸುತ್ತಿದ್ದರು. 2006ರ ಜನವರಿ 2ರಂದು ಆವರಣ ಗೋಡೆ ಕಟ್ಟುವಾಗ ಎದ್ದ ಘರ್ಷಣೆಯಲ್ಲಿ ಪೊಲೀಸರು ಗುಂಡು ಹಾರಿಸಿ 13 ಮಂದಿ ಆದಿವಾಸಿಗಳು ಸತ್ತರು. ಒಬ್ಬ ಪೊಲೀಸನೂ ಸತ್ತ. ಕಾರ್ಖಾನೆಯ ಮೊದಲ ಹಂತ ಉದ್ಘಾಟನೆಯಾದದ್ದು 2015ರಲ್ಲಿ. ಆ ಹೊತ್ತಿಗೆ ಕಂಪೆನಿ ಸುಸ್ಥಿರತೆಯ ವರದಿಗಳನ್ನು ಹೊರತರಲು ಶುರುಮಾಡಿ ವರ್ಷಗಳೇ ಆಗಿದ್ದವು. ಒಂದು ಊರಿನಲ್ಲಿ ಗಳಿಸಿದ ನಂಬಿಕೆಯನ್ನು ಇನ್ನೊಂದು ಊರಿಗೆ ಹಾಗೆಯೇ ಸಾಗಿಸಲಾಗುವುದಿಲ್ಲ ಎಂಬುದು ಇದರಿಂದ ಸ್ಪಷ್ಟ. ಪ್ರತಿಯೊಂದು ಊರಿನ ಲೆಕ್ಕವನ್ನೂ ಅಲ್ಲಿಯೇ ಬರೆಯಬೇಕು.

ಇನ್ನೂ ಒಂದು ಮಾತು. ಸೆಬಿಯ ನಿಯಮ ಮುಟ್ಟುವುದು ಷೇರುಪೇಟೆಯಲ್ಲಿರುವ ದೊಡ್ಡ ಕಂಪೆನಿಗಳನ್ನು. ನಮ್ಮ ಕರಾವಳಿಯ ಗೇರುಬೀಜದ ಕಾರ್ಖಾನೆ, ಬಯಲುಸೀಮೆಯ ಅಕ್ಕಿ ಗಿರಣಿ, ಬೆಂಗಳೂರಿನ ಸಿದ್ಧ ಉಡುಪಿನ ಘಟಕ, ಇಳಕಲ್ಲಿನ ಗ್ರಾನೈಟ್ ಗಣಿ ಮುಂತಾದ ಸಾವಿರಾರು ಮನೆತನದ ಉದ್ಯಮಗಳಿಗೆ ಇಂಥ ವರದಿಯ ಕಟ್ಟುಪಾಡಿಲ್ಲ. ಹೆಚ್ಚು ಜನ ದುಡಿಯುವುದು, ಹೆಚ್ಚು ಹಳ್ಳಕೊಳ್ಳಗಳು ಎದುರುಗೊಳ್ಳುವುದು ಇಂಥವುಗಳನ್ನೇ. ಅವರಿಗೆ ನೂರು ಪುಟದ ನಮೂನೆ ಕೊಟ್ಟರೆ ಯಾರೋ ಲೆಕ್ಕಿಗರಿಂದ ತುಂಬಿಸಿ ಕೈತೊಳೆದುಕೊಳ್ಳುತ್ತಾರೆ. ಅದಕ್ಕಿಂತ ಸರಳವಾದ ಒಂದು ಕೆಲಸ ಸಾಧ್ಯ. ಈ ವರ್ಷ ಎಷ್ಟು ನೀರು ತೆಗೆದೆವು, ಎಷ್ಟನ್ನು ಹೇಗೆ ಹೊರಬಿಟ್ಟೆವು, ಎಷ್ಟು ಮಂದಿಗೆ ಪೆಟ್ಟಾಯಿತು ಎಂಬುದನ್ನು ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಕಾರ್ಖಾನೆಯ ಗೇಟಿನ ಮೇಲೆ ಅಂಟಿಸಬಹುದು. ಓದಿದವರಲ್ಲಿ ಒಬ್ಬನಾದರೂ ನಿಂತು, ಇದು ಸರಿಯಲ್ಲ, ನಮ್ಮ ಬಾವಿಯ ನೀರು ನೋಡಿ ಬನ್ನಿ ಎಂದು ಹೇಳುತ್ತಾನೆ. ಆ ಮಾತನ್ನು ಕೇಳಿಸಿಕೊಳ್ಳುವ ಯಜಮಾನನ ಕಂಪೆನಿಗೆ ಮಕ್ಕಳ ಕಾಲದಲ್ಲಿಯೂ ಒಂದು ಬೆಲೆ ಉಳಿದಿರುತ್ತದೆ.

ಐನೂರ್ವರು ತಮ್ಮ ಮಾತನ್ನು ಊರ ನಡುವೆ ಕಲ್ಲಿನಲ್ಲಿ ನಿಲ್ಲಿಸಿದರು. ದೀಪಾವಳಿಗೆ ಪೂಜೆಗೊಳ್ಳುವ ಪುಸ್ತಕವನ್ನೂ ಅಷ್ಟೇ ಬಯಲಿಗೆ ತರುವುದು ಮನೆತನಗಳಿಗೆ ಸುಲಭವಲ್ಲ. ಆದರೆ ನೀರು, ಗಾಳಿ, ದುಡಿಯುವ ಕೈ ಇವು ಯಾವ ಮನೆತನದ ಸ್ವಂತ ಆಸ್ತಿಯೂ ಅಲ್ಲವಾದ್ದರಿಂದ, ಅವುಗಳ ಲೆಕ್ಕವನ್ನು ಕೇಳುವ ಹಕ್ಕು ಊರಿಗಿದೆ.